ಸೀರಿ ನಮ್ಮದು, ಮಗಳು ನಮ್ಮಾಕಿ ಅಲ್ಲ

ತಂಬೂರ
12 ಜೂನ್ 2025

ಇರಮ್,

ನನ್ನ ನಂಬರನ್ನು ನೀನು ಬ್ಲಾಕ್ ಮಾಡಿ ಮೂರು ವರ್ಷವಾಯಿತು. ನನ್ನ ಗಂಡನ ಫೋನಿನಿಂದ ಮಾಡಿದರೆ ನನ್ನ ದನಿ ಕೇಳಿದ ಕೂಡಲೇ ಇಟ್ಟುಬಿಟ್ಟೆ. ಅಂಚೆಯವನನ್ನು ಬ್ಲಾಕ್ ಮಾಡುವ ಗುಂಡಿಯನ್ನು ಇನ್ನೂ ಯಾರೂ ಕಂಡುಹಿಡಿದಿಲ್ಲವಲ್ಲ, ಅದಕ್ಕೆ ಪೆನ್ನು ಹಿಡಿದಿದ್ದೇನೆ. ಓದದೆ ಒಲೆಗೆ ಹಾಕಬೇಡ. ಇದು ನನ್ನ ಕೆಲಸವಲ್ಲ, ಅತ್ತೆಯ ಗೊಂಬೆಗಳ ಕೆಲಸ.

ಸಂಕ್ರಮಣದ ಮರುವಾರ ಅತ್ತೆಯ ಮಣ್ಣಿಗೆ ನೀನು ಬಂದಿದ್ದೆ. ಬೇವಿನ ಗಿಡದ ಕೆಳಗೆ ನಿಂತೆ, ಒಂದು ಹಿಡಿ ಮಣ್ಣು ಹಾಕಿದೆ, ನೀರೂ ಕುಡಿಯದೆ ಬಸ್ಸು ಹತ್ತಿದೆ. ನಾನು ನೋಡಿದೆ. ಕರೆಯಲಿಲ್ಲ.

ಈಗ ವಿಷಯ. ಊರಿನ ಹೆಣ್ಣುಮಕ್ಕಳು ಪಂಚಮಿಗೆ ತವರಿಗೆ ಬರುವ ಹಾಗೆ, ಅತ್ತೆ ಮಾಡಿಕೊಟ್ಟ ಬಟ್ಟೆಗೊಂಬೆಗಳೂ ನಮ್ಮ ಮನೆಗೆ ತವರಿಗೆ ಬರುತ್ತಿದ್ದವಲ್ಲ? ಅವರು ಹರಿದ ಕೈ ಹೊಲಿದು, ಹೊಸ ಅರಳೆ ತುಂಬಿ, ಹೆಬ್ಬೆರಳಗಲದ ಕುಬಸದ ತುಂಡನ್ನು ಉಡಿಗೆ ಹಾಕಿ ಕಳಿಸುತ್ತಿದ್ದರು. "ತವರಿಗೆ ಬಂದಾಕಿ ಬರಿ ಉಡೀಲೆ ಹೋಗಬಾರದು" ಎನ್ನುತ್ತಿದ್ದರು. ನಲವತ್ತು ವರ್ಷ ಹೀಗೇ ನಡೆಯಿತು. ಹೋದ ಪಂಚಮಿಗೂ ಬಂದವು. ಆದರೆ ಅತ್ತೆ ಹಾಸಿಗೆ ಹಿಡಿದಿದ್ದರು. ಗೊಂಬೆಗಳು ಗಂಟಿನಲ್ಲೇ ಉಳಿದವು.

ಅವರು ಹೋದ ಮೇಲೆ ಮಂದಿಯ ಮಕ್ಕಳನ್ನು ನಾನೇಕೆ ಪೆಟ್ಟಿಗೆಯಲ್ಲಿ ಮುಚ್ಚಿಡಲಿ ಎಂದುಕೊಂಡು ಗಂಟು ಬಿಚ್ಚಿದೆ. ಇಪ್ಪತ್ತು ಗೊಂಬೆ. ಯಾವುದು ಯಾರದು ಎಂಬುದಕ್ಕೆ ಚೀಟಿಯಿಲ್ಲ, ಗುರುತಿಲ್ಲ. ಆದರೆ ಈ ಊರಿನ ಸೀರೆಗಳೆಲ್ಲ ನನಗೆ ಬಾಯಿಪಾಠ. ಹಸಿರು ಚೌಕಡಿ ಉಟ್ಟಿದ್ದು ಹನಮವ್ವನ ಮನೆಗೆ, ಕೆಂಪು ಇಳಕಲ್ ಉಟ್ಟಿದ್ದು ಮಠದ ಓಣಿಗೆ. ನನ್ನ ಜಾಣತನಕ್ಕೆ ನಾನೇ ಮೆಚ್ಚಿ, ಒಂದೇ ಮುಂಜಾನೆ ಹತ್ತೊಂಬತ್ತು ಗೊಂಬೆ ಮುಟ್ಟಿಸಿ ಬಂದೆ.

ಮಧ್ಯಾಹ್ನಕ್ಕೆ ಹನಮವ್ವ ಗೊಂಬೆಯನ್ನು ಬಗಲಲ್ಲಿ ಇಟ್ಟುಕೊಂಡು ಬಂದಳು.

"ಶೈಲವ್ವಾ, ಈಕಿ ನಮ್ಮಾಕಿ ಅಲ್ಲ."

"ಸೀರಿ ನಿಮ್ಮದೈತಲ್ಲ ಬೇ? ನೀ ಉಟ್ಟಿದ್ದು ನಾನs ಕಂಡೇನಿ."

"ಸೀರಿ ನಮ್ಮದು. ಮಗಳು ನಮ್ಮಾಕಿ ಅಲ್ಲ!"

ಅವಳ ಹಿಂದೆ ಇನ್ನೊಬ್ಬಳು, ಅವಳ ಹಿಂದೆ ಮತ್ತಿಬ್ಬರು. ಹತ್ತೊಂಬತ್ತಕ್ಕೆ ಹತ್ತೊಂಬತ್ತೂ ತಪ್ಪು ಮನೆ! ಒಂದಾದರೂ ಕಣ್ಣು ಮುಚ್ಚಿಕೊಂಡು ಸರಿ ಬೀಳಬಾರದಿತ್ತೇ? ಮೂರು ದಿನ ಹೆಂಗಸರು ಗೊಂಬೆ ಎತ್ತಿಕೊಂಡು ಓಣಿ ಓಣಿ ತಿರುಗಿದರು. ಬದುವಿನ ಜಗಳದಲ್ಲಿ ಮಾತು ಬಿಟ್ಟಿದ್ದ ಎರಡು ಮನೆಯವರು "ನಮ್ಮಾಕಿ ನಿಮ್ಮಲ್ಲಿ ಅದಾಳೇನ್ರಿ?" ಎಂದು ಹೊಸ್ತಿಲು ದಾಟಿ, ಚಹಾ ಕುಡಿದು ಬಂದರು. ನನ್ನ ಗಂಡ ಮಡಿವಾಳೆಪ್ಪ ಇವತ್ತಿಗೂ ನನ್ನ ಮುಖ ನೋಡಿ ನಗುತ್ತಾರೆ.

ಅಂತೂ ಎಲ್ಲ ತಮ್ಮ ತಮ್ಮ ಮನೆ ಸೇರಿದವು. ಒಂದು ಉಳಿಯಿತು, ಇಪ್ಪತ್ತನೆಯದು. ಜರಿ ಅಂಚಿನ ಹಸಿರು ಓಢಣಿಯ ಬಟ್ಟೆ ಉಟ್ಟಿದೆ. ಅಂಥ ಬಟ್ಟೆ ನಮ್ಮ ಊರಲ್ಲಿ ಯಾರ ಮನೆಯದೂ ಅಲ್ಲ. ಯಾರೂ ನಮ್ಮದು ಎನ್ನಲೊಲ್ಲರು. ಎಂಥ ಕೆಲಸ ಅಂತೀ! ಹುಬ್ಬಿನ ಒಂದೊಂದು ಎಳೆಯೂ ಎದ್ದು ಕಾಣುತ್ತದೆ. ಅತ್ತೆಯ ಕೈಯಲ್ಲಿ ಇಷ್ಟು ಚೆಂದದ ಗೊಂಬೆ ಇನ್ನೊಂದು ಬಂದಿಲ್ಲವೆಂದು ಹನಮವ್ವ ಕಣ್ಣೀರು ಹಾಕಿದಳು. ನಾನೂ ಹಾಕಿದೆ.

ಜುಲೈ 29ಕ್ಕೆ ಪಂಚಮಿ. "ಈ ಸಲ ನಮ್ಮ ಗೊಂಬಿ ಎಲ್ಲಿಗೆ ಕಳಸೂಣು?" ಎಂದು ಬಾವಿಯ ಹತ್ತಿರ, ಗಿರಣಿಯಲ್ಲಿ, ಎಲ್ಲಿ ಹೋದರೂ ಕೇಳುತ್ತಾರೆ. ನನ್ನ ಕೈ ನಿನಗೆ ಗೊತ್ತೇ ಇದೆ. "ಶೈಲಾನ ಕೈಯಾಗ ಸೂಜಿ ಕೊಟ್ರ ಸೂಜಿಗೇ ನೋವಾಗ್ತೈತಿ" ಎಂದು ಅತ್ತೆಯೇ ಅಂದಿದ್ದಾರೆ. ಅವರ ಕೈಯಾದರೂ ಕಡಿಮೆಯೇ? ಕತ್ತರಿ ಹಿಡಿದರೆ ಯಾರ ಬಟ್ಟೆಯೆಂದು ನೋಡುತ್ತಿರಲಿಲ್ಲ. ಹೋದ ವರ್ಷ ನನ್ನ ಮದುವೆ ಸೀರೆಯ ಸೆರಗನ್ನೇ ಒಂದು ಗೇಣು ಕತ್ತರಿಸಿದ್ದರು. ಎಲ್ಲಿ ಹಾಕಿದಿರಿ ಎಂದರೆ "ಹೋಗಬೇಕಾದಲ್ಲಿ ಹೋಗೇತಿ" ಎಂದರು. ಒಂದು ತಿಂಗಳು ಮಾತು ಬಿಟ್ಟಿದ್ದೆ. ಈಗ ಬೈಯಲಿಕ್ಕೂ ಅವರಿಲ್ಲ.

ಆ ಹಸಿರು ಗೊಂಬೆ ಯಾರದು, ಅಷ್ಟು ಹೇಳು. ಪಂಚಮಿಗೆ ಬಂದು ಗೊಂಬೆಗಳನ್ನು ನೋಡಿಕೊಂಡರೆ ಊರೆಲ್ಲ ನಿನ್ನ ಹೆಸರು ಹೇಳುತ್ತದೆ.

ಶೈಲಾ


ಯಮನೂರು
25 ಜೂನ್ 2025

ಶೈಲಾ ಅವರಿಗೆ ನಮಸ್ಕಾರ.

ಪತ್ರ ಮುಟ್ಟಿತು. ಹೆಸರುಕಾಳಿನ ಹೊಲದಲ್ಲಿ ಕಳೆ ತೆಗೆಯುವ ಕೆಲಸವಿತ್ತು, ಉತ್ತರ ತಡವಾಯಿತು.

ನಿಮ್ಮ ಅತ್ತೆ, ನನ್ನ ಅವ್ವ, ಯಾವ ಗೊಂಬೆಗೂ ಅದರದೇ ಮನೆಯ ಬಟ್ಟೆ ಉಡಿಸುತ್ತಿರಲಿಲ್ಲ. ಗೊಂಬೆ ಕೇಳಿದ ಮನೆಯ ಬಟ್ಟೆಯ ಚೂರು ಹೊಟ್ಟೆಯೊಳಗೆ, ಏಳು ಕಾಳು ಜೋಳದ ಜೊತೆ. ಉಡುವ ಸೀರೆ ಮಾತ್ರ ಬೇರೆ ಮನೆಯದು. "ಮೈಮ್ಯಾಲ ಬ್ಯಾರೆ ಮನಿ, ಹೊಟ್ಟ್ಯಾಗ ತನ್ನ ಮನಿ. ಹೆಣ್ಣು ಅಂದ್ರ ಹಂಗವ್ವಾ" ಎನ್ನುತ್ತಿದ್ದಳು. ಹಾಗಾಗಿ ಸೀರೆ ನೋಡಿ ಹಂಚಿದರೆ ಒಂದೂ ಸರಿ ಬೀಳುವುದು ಸಾಧ್ಯವಿಲ್ಲ. ನೀವು ಇಪ್ಪತ್ತಾರು ವರ್ಷ ಆ ಮನೆಯಲ್ಲಿದ್ದೀರಿ. ಒಂದು ಸಲ ಹತ್ತಿರ ಕೂತು ನೋಡಿದ್ದರೂ ತಿಳಿಯುತ್ತಿತ್ತು.

ಇನ್ನು ನೀವು ಕಣ್ಣೀರು ಹಾಕಿದ ಗೊಂಬೆ. ಅದು ಅವ್ವನ ಕೈಯದಲ್ಲ. ನಾನು ಮಾಡಿದ್ದು. ಅವ್ವ ಎಡಚಿ, ಅವಳ ಹೊಲಿಗೆ ಎಡಕ್ಕೆ ವಾಲುತ್ತದೆ. ಆ ಗೊಂಬೆಯ ಹುಬ್ಬು ನೋಡಿ, ಬಲಕ್ಕೆ ವಾಲಿದೆ. ಹಸಿರು ಓಢಣಿ ನಮ್ಮ ಅಮ್ಮನದು.

ಮೂರು ವರ್ಷದ ಹಿಂದೆ ಧಾರವಾಡದ ಪ್ರದರ್ಶನದಲ್ಲಿ ಅವ್ವನಿಗೆ ಶಾಲು ಹೊದಿಸಿದರು. ವೇದಿಕೆಯ ಮೇಲೆ ಜೋಡಿಸಿದ ಗೊಂಬೆಗಳಲ್ಲಿ ಅರ್ಧ ನನ್ನವು. ಅರ್ಜಿ ತುಂಬಿದವರು ನೀವು. "ಜೊತೆಗೆ ಕೆಲಸ ಮಾಡಿದವರು" ಎಂಬಲ್ಲಿ "ಯಾರೂ ಇಲ್ಲ" ಎಂದು ಬರೆದಿದ್ದಿರಿ. ಮೂರನೆಯ ಸಾಲಿನಲ್ಲಿ ಕೂತು ನಾನೂ ಚಪ್ಪಾಳೆ ಹೊಡೆದೆ. ಅವ್ವನಿಗೆ ಸಿಕ್ಕಿದ್ದು ನನಗೆ ಸಿಕ್ಕ ಹಾಗೇ ಎಂದುಕೊಂಡೆ. ಆಮೇಲೆ ಚಹಾ ಕುಡಿಯುವಾಗ ಒಬ್ಬ ಮೇಡಮ್ "ಈ ಹುಡುಗಿ ಯಾರು?" ಎಂದು ಕೇಳಿದರು. ನೀವು "ಮನೀ ಕೆಲಸಕ್ಕ ಬರ್ತಾಳ್ರಿ" ಅಂದಿರಿ. ಚಹಾದ ಕಪ್ಪು ನನ್ನ ಕೈಯಲ್ಲಿತ್ತು.

ಒಂಬತ್ತು ವರ್ಷದವಳಿದ್ದಾಗ, ನಮ್ಮ ಅಪ್ಪ ಶರೀಫಸಾಬ ದನದ ದವಾಖಾನೆಯ ಕಂಪೌಂಡರ್ ಆಗಿ ತಂಬೂರಿಗೆ ಬಂದು ನಿಮ್ಮ ಹಿತ್ತಲ ಖೋಲಿಯಲ್ಲಿ ಬಾಡಿಗೆ ಇದ್ದಾಗಿನಿಂದ, ನಾನು ಅವ್ವನ ಪಕ್ಕದಲ್ಲಿ ಕೂತು ಹೊಲಿದವಳು. ಕೆಲಸಕ್ಕೆ ಬಂದವಳಲ್ಲ.

ಗೊಂಬೆ ಯಾರದೆಂದು ನಾನು ಹೇಳುವುದಿಲ್ಲ. ಪಂಚಮಿಗೆ ಬರಲಾಗುವುದಿಲ್ಲ.

ಇರಮ್


ತಂಬೂರ
4 ಜುಲೈ 2025

ಇರಮ್,

ನಿನ್ನ ಪತ್ರದಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು "ಶೈಲಾ ಅವರಿಗೆ". ಹದಿನೆಂಟು ವರ್ಷ ಇವರಿಗೆ ಅಣ್ಣ, ನನಗೆ ವೈನಿ, ವೈನಿ ಎಂದು ಸೆರಗು ಹಿಡಿದು ತಿರುಗಿದವಳು! ಬೈದಿದ್ದರೆ ಇಷ್ಟು ಹತ್ತುತ್ತಿರಲಿಲ್ಲ.

ಗೊಂಬೆಯನ್ನು ಬೆಳಕಿಗೆ ಹಿಡಿದು ನೋಡಿದೆ. ಬಲಕ್ಕೇ ವಾಲಿದೆ. ಹನಮವ್ವನನ್ನು ಕರೆದು ತೋರಿಸಿದೆ. ಅವಳು ಕನ್ನಡಕ ಏರಿಸಿ, ಇಳಿಸಿ, "ಅಯ್ಯ ಶಿವನೇ! ನಾ ಅತ್ತದ್ದು ಇರಮ್ಮನ ಕೆಲಸಕ್ಕೇನು? ಹೋಗ್ಲಿ ಬಿಡು, ಅಳೂ ಹಂಗs ಐತಿ" ಎಂದಳು. ಅಷ್ಟು ಹೇಳಲು ನನಗೆ ಮೂರು ವರ್ಷ ಬೇಕಾಯಿತು ನೋಡು.

ನೀನು ಬರೆದದ್ದೆಲ್ಲ ನಿಜ. ಅರ್ಜಿಯಲ್ಲಿ ಬರೆದದ್ದೂ ನಾನೇ, ಆ ಮಾತು ಆಡಿದ್ದೂ ನಾನೇ. ಮರೆತು ಬರೆದದ್ದಲ್ಲ, ಬಾಯಿ ತಪ್ಪಿ ಆಡಿದ್ದಲ್ಲ. ಹೊಟ್ಟೆಕಿಚ್ಚು. ಪಡಸಾಲೆಯಲ್ಲಿ ಕೌದಿ ಹಾಸಿಕೊಂಡು ಅತ್ತೆ ಮತ್ತು ನೀನು ಕೂತಿರುತ್ತಿದ್ದಿರಿ. ನಾನು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದೆ. ಅಲ್ಲಿಂದ ನಗು ಕೇಳುತ್ತಿತ್ತು. ಏನೆಂದು ಹೊರಗೆ ಬಂದು ಕೇಳಿದರೆ "ಏನಿಲ್ಲವ್ವ, ರೊಟ್ಟಿ ಹೊತ್ತೀತು, ಹೋಗು" ಎನ್ನುತ್ತಿದ್ದರು. ನಾನು ಕಲಿಯಲು ಕೂತದ್ದು ಒಂದೇ ಸಲ. ಮೊದಲ ಹೊಲಿಗೆಗೇ ಅತ್ತೆ ಬಿದ್ದು ಬಿದ್ದು ನಕ್ಕರು. ನೀನೂ ನಕ್ಕೆ, ಹತ್ತು ವರ್ಷದ ಪೋರಿ! ಕುಣಿಯಲು ಬಾರದವಳು ನೆಲ ಡೊಂಕು ಎಂದಳಂತೆ. ಹಾಗೆ ನಾನು "ಗೊಂಬಿ ಹೊಲಿಯೂದು ಕೆಲಸ ಇಲ್ಲದಾಕಿ ಕೆಲಸ" ಎಂದು ಎದ್ದು ಬಂದೆ. ಆಮೇಲೆ ಊರಿನ ಮನೆಮನೆಗೂ ಗೊಂಬೆ ಹೋಯಿತು. ನನಗೆ ಮಾತ್ರ ಅತ್ತೆ ಒಂದನ್ನೂ ಮಾಡಿಕೊಡಲಿಲ್ಲ. ನಾನೂ ಕೇಳಲಿಲ್ಲ. ಯಾಕೆ ಕೇಳಲಿ?

ತಪ್ಪಾಯಿತು ಇರಮ್. ಚಹಾದ ಕಪ್ಪು ಹಿಡಿದು ನೀನು ಅಲ್ಲೇ ನಿಂತದ್ದು ಕಂಡಿತ್ತು. ಕಂಡೂ ಆ ಮಾತನ್ನು ತಿದ್ದಲಿಲ್ಲ.

ಪಂಚಮಿಗೆ ಬಾ ಎಂದು ಕೇಳುವ ಮುಖ ನನಗಿಲ್ಲ. ಆದರೂ ಕೇಳುತ್ತೇನೆ. ನೀನು ಬರದಿದ್ದರೆ ಈ ಪದ್ಧತಿ ಅತ್ತೆಯ ಸಂಗಡವೇ ಮಣ್ಣಾಗುತ್ತದೆ. ಮಕ್ಕಳು ಈಗಲೇ ಗೊಂಬೆಗಳ ಮುಖ ತೊಳೆದು ಕಟ್ಟೆಯ ಮೇಲೆ ಒಣಗಿಸುತ್ತಿದ್ದಾರೆ, ತವರಿಗೆ ಹೊರಡಿಸಲು. ಅವರಿಗೆ ಏನು ಹೇಳಲಿ?

ಶೈಲಾ


ಯಮನೂರು
14 ಜುಲೈ 2025

ನಮಸ್ಕಾರ.

ನಿಮ್ಮ ಪತ್ರವನ್ನು ನನ್ನ ಗಂಡ ಜಹೀರುದ್ದೀನನಿಗೆ ಓದಿ ಹೇಳಿದೆ. "ಇಷ್ಟು ಉದ್ದ ತಪ್ಪೊಪ್ಪಿಗಿ ನಾ ಪೊಲೀಸ್ ಸ್ಟೇಶನ್ನಿನಾಗೂ ಕೇಳಿಲ್ಲ" ಅಂದ. ನಕ್ಕುಬಿಟ್ಟೆ. ನಗಬಾರದೆಂದು ನಿಶ್ಚಯಿಸಿದ್ದೆ.

ಹತ್ತು ವರ್ಷದವಳಿದ್ದಾಗ ನಕ್ಕದ್ದು ನನಗೆ ನೆನಪಿರಲಿಲ್ಲ. ನಕ್ಕಿದ್ದರೆ ನನ್ನದೂ ತಪ್ಪು.

ಈಗ ಗೊಂಬೆಯ ಕಥೆ ಕೇಳಿ. ಹೋದ ವರ್ಷ ಯುಗಾದಿ ಮುಗಿದ ಮೇಲೆ ಒಂದು ದಿನ ಅವ್ವ ನಮ್ಮ ಬಾಗಿಲಲ್ಲಿ ನಿಂತಿದ್ದಳು, ಒಬ್ಬಳೇ, ಎರಡು ಬಸ್ಸು ಬದಲಿಸಿಕೊಂಡು. ಮನೆಯಲ್ಲಿ ದರ್ಗಾಕ್ಕೆ ಹೋಗುತ್ತೇನೆಂದು ಹೇಳಿ ಬಂದಿದ್ದಳಂತೆ. ಸುಳ್ಳಾಗಬಾರದೆಂದು ಮೊದಲು ದರ್ಗಾಕ್ಕೂ ಹೋಗಿ ಸಕ್ಕರೆಗೆ ಫಾತಿಹಾ ಓದಿಸಿಕೊಂಡು ಬಂದಿದ್ದಳು! ಕೂತು ನೀರು ಕುಡಿದು, ನಡುವಿನ ಚೀಲದಿಂದ ಒಂದು ಬಟ್ಟೆಯ ತುಂಡು ತೆಗೆದಳು.

"ಇದನ್ನ ಹೊಟ್ಟ್ಯಾಗ ಇಟ್ಟು ಒಂದು ಗೊಂಬಿ ಮಾಡು. ನನ್ನ ಕೈ ನಡಗತಾವ."

ಯಾರಿಗೆಂದು ಕೇಳಿದೆ. ಹೇಳಿದಳು. ನಾನು ಬಟ್ಟೆ ತಿರುಗಿ ಕೊಟ್ಟೆ. "ಅವರಿಗೆ ಅಂದ್ರ ನಾ ಮಾಡಂಗಿಲ್ಲವ್ವಾ" ಎಂದೆ. ಅವ್ವ ಸಿಟ್ಟಾಗಲಿಲ್ಲ. ಎಲೆ ಅಡಿಕೆ ಹಾಕಿಕೊಂಡು, "ಬೇಕಾದೋರಿಗೆ ಯಾರರೆ ಮಾಡ್ತಾರ. ಸಿಟ್ಟಿದ್ದೋರಿಗೆ ಮಾಡು, ಆಗ ನಿನ್ನ ಕೈ ನೋಡ್ತೀನಿ" ಎಂದಳು.

ಸಿಟ್ಟಿನಲ್ಲೇ ಕೂತೆ. ಒಂದೊಂದು ಹೊಲಿಗೆಗೂ ಒಂದೊಂದು ಬೈಗುಳ ಹಾಕಿದ್ದೇನೆ. ಅದಕ್ಕೇ ಅಷ್ಟು ಬಿಗಿಯಾಗಿ, ಅಷ್ಟು ನೆಟ್ಟಗೆ ಬಂದಿವೆ. ಹುಬ್ಬು ಮುಗಿಯುವ ಹೊತ್ತಿಗೆ ಬೈಗುಳ ತೀರಿದ್ದವು. ಅವ್ವ ಎಂಟು ದಿನ ಬಿಟ್ಟು ಮತ್ತೆ ಬಂದಳು, ಗೊಂಬೆ ನೋಡಿದಳು, "ಇನ್ನ ನಾ ಹೋದ್ರೂ ನಡದೀತು" ಎಂದಳು. ಪಂಚಮಿಯ ದಿನ ಕೊಡುತ್ತೇನೆಂದು ಒಯ್ದಳು. ಅಷ್ಟರಲ್ಲಿ ಹಾಸಿಗೆ ಹಿಡಿದಳೆಂದು ನಿಮ್ಮ ಪತ್ರದಿಂದ ತಿಳಿಯಿತು.

ಯಾರಿಗೆಂದು ನನ್ನ ಬಾಯಿಂದ ಬೇಡ. ಗೊಂಬೆಯ ಎಡಗಂಕುಳಲ್ಲಿ ಒಂದು ಎಳೆ ದಾರ ಹೊರಗಿದೆ. ಗೊಬ್ಬರದ ಚೀಲದ ಬಾಯಿ ಬಿಚ್ಚುವ ಹಾಗೆ ಅದನ್ನು ಎಳೆಯಿರಿ, ಹೊಟ್ಟೆ ತೆರೆಯುತ್ತದೆ. ಒಂದು ಕರಾರು. ಬಿಚ್ಚಿದ ಹೊಟ್ಟೆಯನ್ನು ನೀವೇ ಹೊಲಿಯಬೇಕು. ಹನಮವ್ವನ ಕೈಗೆ ಕೊಡಬಾರದು.

ಪಂಚಮಿಯ ಮಾತು ಇನ್ನೂ ಹೇಳಲಾರೆ ವೈನಿ.

ಇರಮ್


ತಂಬೂರ
21 ಜುಲೈ 2025

ಇರಮ್,

ವೈನಿ ಎಂದೆ! ಕೊನೆಯ ಸಾಲಿನ ಕೊನೆಗೆ ಅಂದರೂ ಅಂದೆ. ಆ ಸಾಲಿನಲ್ಲಿ ಬೇರೆ ಏನಿದೆಯೆಂದು ನಾನು ನೋಡಲೇ ಇಲ್ಲ.

ಬಾಗಿಲು ಹಾಕಿಕೊಂಡು ದಾರ ಎಳೆದೆ. ಸರ್ರನೆ ಬಿಚ್ಚಿತು. ಜೋಳದ ಕಾಳು ಮಡಿಲಿಗೆ ಬಿದ್ದವು. ಎಣಿಸಿದೆ, ಏಳು. ಅರಳೆಯ ನಡುವೆ ಬೆರಳು ಹಾಕಿದೆ. ಹೊರಗೆ ಬಂದದ್ದು ನನ್ನ ಮದುವೆ ಸೀರೆಯ ಸೆರಗು.

ಒಂದು ತಿಂಗಳು ಮಾತು ಬಿಟ್ಟಿದ್ದೆನಲ್ಲೇ ಆ ಮುದುಕಿಯ ಸಂಗಡ! ಇದಕ್ಕಾಗಿ! "ಹೋಗಬೇಕಾದಲ್ಲಿ ಹೋಗೇತಿ" ಎಂದರೆ ಇಲ್ಲಿಗೆ ಹೋಗಿತ್ತು! ಇಪ್ಪತ್ತನೆಯ ಗೊಂಬೆಯನ್ನು ಹಿಡಿದು ಊರೆಲ್ಲ ತಿರುಗಿದೆ, ನಿಮ್ಮದೇನು, ನಿಮ್ಮದೇನು ಎಂದು ಬಾಗಿಲು ಬಾಗಿಲು ಕೇಳಿದೆ. ಮನೆಯ ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಮಗಳೆಲ್ಲಿ ಎಂದು ಹುಡುಕಿದ ಹಾಗೆ. ಅತ್ತೆ ಬದುಕಿದ್ದರೆ ನಕ್ಕು ನಕ್ಕು ಉಸಿರು ಹಿಡಿಯುತ್ತಿತ್ತು. ನಾನು ನಗುತ್ತಿದ್ದೆನೋ ಅಳುತ್ತಿದ್ದೆನೋ ಗೊತ್ತಿಲ್ಲ. ಸದ್ದು ಕೇಳಿ ಇವರು ಬಾಗಿಲು ಬಡಿದರು. ತೆರೆದು ಸೆರಗು ತೋರಿಸಿದೆ. "ನಮ್ಮವ್ವ ಭಾರಿ ಕಳ್ಳಿ" ಎಂದು ಕಣ್ಣೊರೆಸಿಕೊಂಡು ಹೊಲಕ್ಕೆ ಹೋದರು.

ನಿನ್ನ ಕರಾರು ನಡೆಸಿದ್ದೇನೆ. ಹೊಟ್ಟೆ ಹೊಲಿಯಲು ಎರಡು ದಿನ ಹಿಡಿಯಿತು. ಹನ್ನೊಂದು ಹೊಲಿಗೆ. ಬೆರಳಿಗೆ ಚುಚ್ಚಿಕೊಂಡದ್ದು ಎಷ್ಟು ಸಲವೋ ಎಣಿಸಿಲ್ಲ. ಒಂದೊಂದು ಹೊಲಿಗೆ ಒಂದೊಂದು ದಿಕ್ಕಿಗೆ ಹೋಗಿದೆ, ಎಡಕ್ಕೂ ಅಲ್ಲ, ಬಲಕ್ಕೂ ಅಲ್ಲ. ಮುಚ್ಚುವ ಮುಂಚೆ ಅತ್ತೆಯ ಪೆಟ್ಟಿಗೆ ಹುಡುಕಿ ಒಂದು ವಸ್ತುವನ್ನು ಸೆರಗಿನ ಪಕ್ಕದಲ್ಲಿ ಇಟ್ಟಿದ್ದೇನೆ. ಏನೆಂದು ಬರೆಯುವುದಿಲ್ಲ. ಗುಟ್ಟು ಮಾಡುವುದು ನಿಮ್ಮಿಬ್ಬರಿಗೇ ಬರುತ್ತದೇನು?

ಇಲ್ಲಿ ಶೇಂಗಾ ಹುರಿದಾಗಿದೆ, ಉಂಡಿ ಕಟ್ಟುವುದು ಬಾಕಿ. ಹನಮವ್ವ ಬೇವಿನ ಗಿಡಕ್ಕೆ ಜೋಕಾಲಿಯ ಹಗ್ಗ ಬಿಗಿಸುತ್ತಿದ್ದಾಳೆ. ನೀನು ಬಂದರೂ ಬರದಿದ್ದರೂ ನಾನು ಪಡಸಾಲೆಯಲ್ಲಿ ಕೌದಿ ಹಾಸಿ ಕೂರುತ್ತೇನೆ. ಹತ್ತೊಂಬತ್ತು ಗೊಂಬೆಗಳಿಗೆ ಉಡಿ ತುಂಬಿ, ಹರಿದ ಕೈಗಳನ್ನು ನನಗೆ ಬಂದ ಹಾಗೆ ಹೊಲಿಯುತ್ತೇನೆ. ನಗುವವರು ನಗಲಿ. ನಿನ್ನ ಜಾಗ ಕೌದಿಯ ಬಲಗಡೆಗೆ, ಕಂಬದ ಹತ್ತಿರ. ಅಲ್ಲಿ ಯಾರನ್ನೂ ಕೂರಗೊಡುವುದಿಲ್ಲ.

ನಿನ್ನ ವೈನಿ,
ಶೈಲಾ


ಯಮನೂರು
6 ಆಗಸ್ಟ್ 2025

ವೈನಿ,

ಪಂಚಮಿ ಮುಗಿಸಿ ಕ್ಷೇಮವಾಗಿ ಬಂದು ಸೇರಿದೆವು, ನಾನೂ, ನಿಮ್ಮ ಗೊಂಬೆಯೂ. ಬಸ್ಸಿನಲ್ಲಿ ಒಬ್ಬ ಅಜ್ಜ "ಕೂಸು ಮಲಗೇತೇನವ್ವ?" ಎಂದು ಕೇಳಿ ಜಾಗ ಬಿಟ್ಟುಕೊಟ್ಟ. ಸೆರಗಿನಲ್ಲಿ ಮುಚ್ಚಿಕೊಂಡು ನವಲಗುಂದದವರೆಗೂ ಕೂತೇ ಬಂದೆ. ಅವ್ವ ಇದ್ದರೆ ಆ ಅಜ್ಜನಿಗೂ ಒಂದು ಗೊಂಬೆ ಮಾಡಿಕೊಡುತ್ತಿದ್ದಳು.

ಮೂರು ದಿನ ಕೂತು ಕೂತು ನಡು ಇನ್ನೂ ನೋಯುತ್ತಿದೆ. ಹತ್ತೊಂಬತ್ತು ಎಂದಿರಿ, ಇಪ್ಪತ್ತೇಳು ಬಂದವು! ಪಕ್ಕದೂರು ದುಮ್ಮವಾಡದಿಂದ ಯಾರು ಕರೆದರು ಅವರನ್ನು? ನೀವು ಹೊಲಿದ ಕೈಗಳಲ್ಲಿ ಎರಡನ್ನು ಹಿಂದೆ ಮುಂದೆ ಹಚ್ಚಿದ್ದಿರಿ. ನಾನು ಸರಿ ಮಾಡಲು ಹೋದರೆ ಗೊಂಬೆ ತಂದಿದ್ದ ಹುಡುಗಿ ಅದನ್ನು ಕಸಿದುಕೊಂಡು, "ಇರಲಿ ಬಿಡ್ರಿ, ನಮ್ಮಾಕಿ ಹಿಂದ ನೋಡಿ ಜೋಕಾಲಿ ಹಿಡೀತಾಳ" ಎಂದಳಲ್ಲ. ನಿಮ್ಮ ಮುಖ ನೋಡಬೇಕಿತ್ತು.

ಕಟ್ಟೆಯ ಮೇಲೆ ನಿಂತು, ದುಮ್ಮವಾಡಕ್ಕೂ ಕೇಳಿಸುವ ದನಿಯಲ್ಲಿ, ಗೊಂಬೆಗಳಲ್ಲಿ ಅರ್ಧ ನನ್ನ ಕೈಯವೆಂದು ಎಲ್ಲರ ಮುಂದೆ ನೀವು ಹೇಳಿದ ಮಾತಿನ ಬಗ್ಗೆ ನಾನೇನೂ ಬರೆಯುವುದಿಲ್ಲ. ಆಗ ಸೂಜಿಗೆ ದಾರ ಪೋಣಿಸುತ್ತಿದ್ದೆ, ಮೂರು ಸಲ ತಪ್ಪಿತು.

ನಿಮ್ಮ ಗೊಂಬೆಯನ್ನು ತವರಿಗೆಂದು ಕಳಿಸಿಕೊಟ್ಟಿರಿ. ಮಾಡಿದವಳು ನಾನು, ಅಂದ ಮೇಲೆ ತವರು ಇದೇ. ಬಂದ ಮರುದಿನ ಹೊಟ್ಟೆ ಬಿಚ್ಚಿದೆ. ಹೊಸ ಅರಳೆ ತುಂಬೋಣ, ನಿಮ್ಮ ಹನ್ನೊಂದು ಹೊಲಿಗೆಯನ್ನೂ ತಿದ್ದೋಣ ಎಂದು. ಸೆರಗಿನ ಪಕ್ಕದಲ್ಲಿ ನೀಲಿ ಬಟ್ಟೆಯ ತುಂಡು ಸಿಕ್ಕಿತು. ಮೊದಲು ಗುರುತು ಹತ್ತಲಿಲ್ಲ. ಆಮೇಲೆ ಅಂಚಿನಲ್ಲಿ ಕೆಂಪು ದಾರದ ಹೊಲಿಗೆ ಕಂಡಿತು, ಎಡಕ್ಕೆ ವಾಲಿದ್ದು. ಐದನೆಯ ಇಯತ್ತೆಯಲ್ಲಿ ಬೇಲಿ ಹಾರುವಾಗ ಹರಿದುಕೊಂಡ ನನ್ನ ಸಾಲಿ ಲಂಗ. ಅಮ್ಮ ಬೈಯುತ್ತಾಳೆಂದು ಅವ್ವನ ಹತ್ತಿರ ಓಡಿ ಬಂದು ಹೊಲಿಸಿಕೊಂಡಿದ್ದೆ. ಅದರ ತುಂಡನ್ನು ಅವ್ವ ಇಷ್ಟು ವರ್ಷ ಇಟ್ಟಿದ್ದಳು. ಅದನ್ನು ನೀವು ಹುಡುಕಿದಿರಿ.

ಹೊಟ್ಟ್ಯಾಗ ತನ್ನ ಮನಿ.

ಗೊಂಬೆಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದೆ. ಜಹೀರುದ್ದೀನ ಬಂದು ನೋಡಿ ಚಹಾ ಮಾಡಿಕೊಟ್ಟ. ಆಮೇಲೆ ನೀಲಿ ತುಂಡನ್ನೂ ಸೆರಗನ್ನೂ ಒಂದರೊಳಗೊಂದು ಮಡಚಿ, ಏಳು ಕಾಳು ಹಾಕಿ, ಹೊಟ್ಟೆ ಮುಚ್ಚಿದೆ. ಹೊಸ ಹೊಲಿಗೆ ಹಾಕಲಿಲ್ಲ. ನಿಮ್ಮ ಸೂಜಿ ಮಾಡಿದ ತೂತುಗಳಲ್ಲೇ ದಾರ ಹಾಯಿಸಿದೆ. ಹನ್ನೊಂದೂ ಇದ್ದ ಹಾಗೆಯೇ ಇವೆ, ದಿಕ್ಕಿಗೊಂದು.

ಗೊಂಬೆಯನ್ನು ಪಾರ್ಸೆಲ್ ಮಾಡಿ ಕಳಿಸು ಎಂದು ಬರೆಯಬೇಡಿ. ತವರಿಗೆ ಬಂದವಳನ್ನು ಕರೆದೊಯ್ಯಲು ಮನೆಯವರೇ ಬರಬೇಕು. ಎರಡು ಬಸ್ಸು ಬದಲಿಸಬೇಕಾಗುತ್ತದೆ, ಅವ್ವ ಬರಲಿಲ್ಲವೇ? ನಿಮ್ಮ ನಂಬರಿನ ಬ್ಲಾಕ್ ತೆಗೆದಿದ್ದೇನೆ. ಆದರೆ ಫೋನ್ ಮಾಡಬೇಡಿ, ಬಂದುಬಿಡಿ.

ಬರುವಾಗ ಸೂಜಿ ತನ್ನಿ.

ನಿಮ್ಮ ಇರಮ್